ಚೂರಿಯ ಬೆಲೆಯಲ್ಲಿ ಕಾಣದ ಮಜೂರಿ

ಅಕ್ಕಸಾಲಿಗರ ಅಂಗಡಿಯಲ್ಲಿ ಒಡವೆ ಕೊಳ್ಳುವ ಗ್ರಾಹಕರಿಗೆ ಬಿಲ್ಲಿನಲ್ಲಿ ಎರಡು ಸಾಲುಗಳು ಕಾಣುತ್ತವೆ. ಒಂದು ಲೋಹದ ಬೆಲೆ, ಇನ್ನೊಂದು ಮಜೂರಿ. ಮಜೂರಿ ಹೆಚ್ಚಾಯಿತೆಂದು ಅವರು ಚೌಕಾಸಿ ಮಾಡಬಹುದು. ಆದರೆ ಮಜೂರಿಯನ್ನು ಕೊಡಲೇಬೇಕೆಂಬುದರಲ್ಲಿ ಅವರಿಗೆ ಸಂಶಯವಿರುವುದಿಲ್ಲ. ಅದೇ ಗ್ರಾಹಕರು ಕುಲುಮೆಯೊಂದಕ್ಕೆ ಹೋಗಿ ತಮ್ಮ ಕೈಯಳತೆಗೆ ಸರಿಹೊಂದುವ ಚೂರಿಯೊಂದನ್ನು ಮಾಡಿಸಿ, ಅದಕ್ಕೊಪ್ಪುವ ಚರ್ಮದ ಒರೆಯನ್ನೂ ಹೊಲಿಸಿಕೊಂಡಾಗ ಮಾತ್ರ, ಇಷ್ಟು ಕಬ್ಬಿಣಕ್ಕೆ ಇಷ್ಟು ಹಣವೇ ಎಂದು ಕೇಳುತ್ತಾರೆ. ಗ್ರಾಹಕರು ಅವರೇ, ಅವರ ಜೇಬೂ ಅದೇ. ವ್ಯತ್ಯಾಸವಿರುವುದು ಬಿಲ್ಲಿನಲ್ಲಿ. ಅಕ್ಕಸಾಲಿಗರು ತಮ್ಮ ದುಡಿಮೆಯನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಕಮ್ಮಾರರು ಅದನ್ನು ಕಬ್ಬಿಣದೊಳಗೆ ಅಡಗಿಸಿಬಿಡುತ್ತಾರೆ.

ಕೊಡಗಿನ ಪೀಚೆಕತ್ತಿಯಲ್ಲಿ ಈ ವ್ಯತ್ಯಾಸವನ್ನು ಒಂದೇ ವಸ್ತುವಿನಲ್ಲಿ ಕಾಣಬಹುದಾಗಿದೆ. ಸೊಂಟಕ್ಕೆ ಬಿಗಿದ ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ ಈ ಚಿಕ್ಕ ಕತ್ತಿಯ ಒರೆಗೆ ಬೆಳ್ಳಿಯ ಕೆಲಸವಿರುತ್ತದೆ. ಬೆಳ್ಳಿಯನ್ನು ತೂಗಿ ಬೆಲೆ ಕಟ್ಟುವವರು ಬೆಳ್ಳಿ ಕೆಲಸದ ಮಜೂರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಒಳಗಿನ ಅಲಗನ್ನು ಬಡಿದು ಹದ ಮಾಡಿದ ಗಂಟೆಗಳಿಗೆ ಅಂತಹ ಪ್ರತ್ಯೇಕ ಸಾಲು ದೊರೆಯುವುದು ವಿರಳ. ಮದುವೆಯಲ್ಲಿ ಬಾಳೆಯ ದಿಂಡು ಕಡಿಯಲು ಬಳಸುವ, ಬೆನ್ನ ಹಿಂದೆ ತೊಡಂಗಿನಲ್ಲಿ ತೊಡುವ ಅಗಲವಾದ ಒಡಿಕತ್ತಿಗಂತೂ ಕಬ್ಬಿಣದ ಬೆಲೆಯೇ ಬೆಲೆ ಎಂಬ ಭಾವನೆ ಬೇರೂರಿದೆ.

ಇಷ್ಟು ಚಿಕ್ಕ ವಸ್ತುವಿಗಾಗಿ ವಾಣಿಜ್ಯ ಪತ್ರಿಕೆಯಲ್ಲಿ ಇಷ್ಟು ಪುಟಗಳೇಕೆ ಎಂದು ಸದಸ್ಯ ಬಂಧುಗಳಿಗೆ ಅನ್ನಿಸಬಹುದು. ಚೂರಿ ಮಾಡುವ ಕುಶಲಕರ್ಮಿಯು ನಮ್ಮ ನಡುವಿನ ಅತಿ ಚಿಕ್ಕ ಉತ್ಪಾದಕ. ಖರೀದಿ, ತಯಾರಿಕೆ, ಗುಣಮಟ್ಟದ ಪರೀಕ್ಷೆ, ಮಾರಾಟ ಎಲ್ಲವೂ ಒಬ್ಬರದೇ. ಗ್ರಾಹಕರ ಬೇಡಿಕೆಯಂತೆ ಒಂದೊಂದೇ ಸರಕನ್ನು ತಯಾರಿಸುವ ಯಾವ ಉದ್ಯಮದಲ್ಲಾದರೂ ನುಸುಳುವ ಲೆಕ್ಕದ ದೋಷವು ಇಲ್ಲಿ ಯಾವ ಮರೆಯೂ ಇಲ್ಲದೆ ಕಾಣುತ್ತದೆ. ಕೈಕಸುಬುಗಳು ಸೊರಗುತ್ತಿರುವುದಕ್ಕೆ ಯಂತ್ರದ ಪೈಪೋಟಿಯೇ ಕಾರಣವೆಂದು ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಈ ಮಾತು ಪೂರ್ತಿ ನಿಜವಲ್ಲವೆಂಬುದು ನನ್ನ ಅಭಿಪ್ರಾಯ. ತನ್ನ ಗಂಟೆಗಳಿಗೆ ತಾನೇ ಬೆಲೆ ಕಟ್ಟದಿರುವ ರೂಢಿಯು ಯಂತ್ರಕ್ಕಿಂತ ಹೆಚ್ಚು ಹಾನಿ ಮಾಡಿದೆ. ಆ ರೂಢಿಯನ್ನು ಬದಲಿಸಲು ಸರ್ಕಾರಕ್ಕಿಂತ ವರ್ತಕ ಸಮುದಾಯವೇ ಹೆಚ್ಚಿನದನ್ನು ಮಾಡಬಲ್ಲದು.

ಒಂದು ಹಳೆಯ ಪಾಠ

ಈ ನಾಡಿಗೆ ಒಳ್ಳೆಯ ಉಕ್ಕು ಹೊಸದಲ್ಲ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ದಕ್ಷಿಣ ಭಾರತದ ಉಕ್ಕನ್ನು ಯುರೋಪಿನವರು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದಿರಬೇಕೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾದ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣ ಕರಗಿಸುವವರ ಹಾಗೂ ಉಕ್ಕು ಮಾಡುವವರ ಕೆಲಸವನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಅದನ್ನು ದಾಖಲಿಸಿದ್ದಾನೆ. ನಮ್ಮ ಉಕ್ಕಿನ ಗಟ್ಟಿಗಳು ಕಡಲು ದಾಟಿ ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ತಲುಪಿ ಅಲ್ಲಿ ಅಲಗುಗಳಾದವು. ಲೋಕವು ಆ ಅಲಗುಗಳನ್ನು ಡಮಾಸ್ಕಸ್ ನಗರದ ಹೆಸರಿನಿಂದ ಅರಿತಿತು. ಕಚ್ಚಾ ಸರಕು ನಮ್ಮದಾಯಿತು. ಸಿದ್ಧ ವಸ್ತುವಿನ ಹೆಸರು ಮತ್ತು ಹೆಸರಿನ ಜೊತೆಗೆ ಬರುವ ಬೆಲೆ ಬೇರೆಯವರದಾಯಿತು. ವ್ಯಾಪಾರಿಗಳಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಹವನ್ನು ಮಾತ್ರ ಮಾರುವವರಿಗೆ ಲೋಹದ ಬೆಲೆಯಷ್ಟೇ ದಕ್ಕುತ್ತದೆ.

ಒಂದು ಚೂರಿಗೆ ಎಷ್ಟು ಕೆಲಸ?

ಬೆಲೆಯ ಮಾತಿಗೆ ಮೊದಲು ಕೆಲಸವನ್ನು ಅರಿಯುವುದು ಅಗತ್ಯ. ಐದು ಅಂಗುಲ ಅಲಗಿನ, ತೋಟದಲ್ಲೂ ಅಡುಗೆಮನೆಯಲ್ಲೂ ಬಳಸಬಹುದಾದ ಚೂರಿಯೊಂದನ್ನು ಗ್ರಾಹಕರ ಕೈಯಳತೆಗೆ ತಕ್ಕಂತೆ ಮಾಡುವುದೆಂದು ಇಟ್ಟುಕೊಳ್ಳೋಣ.

ಮೊದಲನೆಯದು ಉಕ್ಕಿನ ಆಯ್ಕೆ. ಹಳ್ಳಿಯ ಕುಲುಮೆಗಳಲ್ಲಿ ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪ್ಲೇಟೇ ಸಾಮಾನ್ಯವಾದ ಕಚ್ಚಾ ಸರಕು. ಅದು ಗಟ್ಟಿಯಾದ, ಸುಲಭವಾಗಿ ಮುರಿಯದ ಉಕ್ಕು. ಆದರೆ ಎಷ್ಟೋ ವರ್ಷ ಭಾರ ಹೊತ್ತ ಪ್ಲೇಟಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅವು ಹೊರಬೀಳುವುದು ಹದ ಮಾಡುವಾಗ, ಅರ್ಧ ಕೆಲಸ ಮುಗಿದ ಮೇಲೆ. ಬೇರಿಂಗ್ ಉಕ್ಕನ್ನು ಹೊಸದಾಗಿ ಕೊಂಡರೆ ಖರ್ಚು ಹೆಚ್ಚು, ಆದರೆ ಒಳಗೆ ಏನಿದೆಯೆಂಬುದು ತಿಳಿದಿರುತ್ತದೆ. ಅಗ್ಗದ ಹಳೆಯ ಪ್ಲೇಟು ನಿಜಕ್ಕೂ ಅಗ್ಗವೇ ಎಂಬುದು ಒಡೆದುಹೋದ ಅಲಗುಗಳನ್ನು ಎಣಿಸಿದ ಮೇಲೆ ಮಾತ್ರ ತಿಳಿಯುವ ವಿಷಯ.

ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಬಡಿದು ಆಕಾರ ತರಬೇಕು. ತಣಿದ ಮೇಲೆ ಅರದಿಂದಲೂ ಸಾಣೆಯಿಂದಲೂ ಅಂಚನ್ನು ಇಳಿಜಾರಾಗಿ ತೆಗೆಯಬೇಕು. ಅನಂತರ ಬರುವುದು ಈ ಕಸುಬಿನ ಪ್ರಾಣವಾದ ಹದ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಅಯಸ್ಕಾಂತದ ತುಂಡೇ ಮಾಪಕ. ಅದಕ್ಕಿಂತ ಇನ್ನಷ್ಟು ಕಾಯಿಸಿದ ಅಲಗನ್ನು ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯಲೂ ಬಲ್ಲದು. ಆದುದರಿಂದ ಸುಮಾರು 200 ಡಿಗ್ರಿಯಲ್ಲಿ ಎರಡೆರಡು ಗಂಟೆಗಳಂತೆ ಎರಡು ಬಾರಿ ಮತ್ತೆ ಕಾಯಿಸಿ, ಗಡಸುತನವನ್ನು ಸ್ವಲ್ಪ ಇಳಿಸಿ, ಬಾಳಿಕೆಯನ್ನು ತುಂಬಬೇಕು. ಅಲಗು ಸೊಟ್ಟಗಾಗುವುದು, ಸೀಳುವುದು ಈ ಹಂತದಲ್ಲಿಯೇ. ಹದ ತಪ್ಪಿದ ಚೂರಿಗೆ ಎಷ್ಟು ಹೊಳಪು ಕೊಟ್ಟರೂ ಅದು ಕತ್ತರಿಸುವ ಕೆಲಸಕ್ಕೆ ಬಾರದು.

ಅನಂತರ ಮರದ ಹಿಡಿ. ಎರಡು ಹೋಳುಗಳನ್ನು ಉಕ್ಕಿನ ಬಾಲದ ಇಕ್ಕೆಲಗಳಿಗೆ ಅಂಟಿಸಿ, ಹಿತ್ತಾಳೆಯ ಮೊಳೆ ತೂರಿಸಿ ಬಡಿದು, ಕೈಗೆ ಹಿತವಾಗುವವರೆಗೆ ಉಜ್ಜಬೇಕು. ಹಿಡಿಯುವ ಕೈ ಎಡವೋ ಬಲವೋ, ಬೆರಳು ದಪ್ಪವೋ ತೆಳುವೋ ಎಂಬುದನ್ನು ನೋಡಿ ಮಾಡುವ ಕೆಲಸವಿದು. ಕಾರ್ಖಾನೆಯ ಚಾಕು ಮಾಡಲಾಗದ ಕೆಲಸವೂ ಇದೇ.

ಕೊನೆಯದು ಒರೆ. ಸಾಕಷ್ಟು ಕೆಲಸವನ್ನು ಬೇಡಿಯೂ ಅತಿ ಕಡಿಮೆ ಬೆಲೆ ಪಡೆಯುವ ಭಾಗವಿದು. ಕ್ರೋಮ್ ಲವಣಗಳಲ್ಲಿ ಹದ ಮಾಡಿದ ಚರ್ಮವು ಅಲಗಿಗೆ ತುಕ್ಕು ತರಬಲ್ಲದಾದ್ದರಿಂದ, ಮರದ ತೊಗಟೆಯಲ್ಲಿ ಹದ ಮಾಡಿದ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಚರ್ಮವೇ ಬೇಕು. ಚೂರಿಯ ಆಕಾರಕ್ಕೆ ಕತ್ತರಿಸಿ, ಅಂಚುಗಳ ನಡುವೆ ಚರ್ಮದ ಪಟ್ಟಿಯೊಂದನ್ನು ಇಡಬೇಕು; ಈ ಪಟ್ಟಿಯಿಲ್ಲದಿದ್ದರೆ ಚೂರಿಯು ತನ್ನ ಒರೆಯ ದಾರವನ್ನು ತಾನೇ ಕೊಯ್ದುಬಿಡುತ್ತದೆ. ದಬ್ಬಳದಿಂದ ಸಮದೂರದಲ್ಲಿ ತೂತು ಮಾಡಿ, ಮೇಣ ಸವರಿದ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ದಾಟಿಸಿ ಹೊಲಿಯಬೇಕು. ಯಂತ್ರದ ಹೊಲಿಗೆಯಲ್ಲಿ ಒಂದೆಡೆ ದಾರ ಹರಿದರೆ ಮುಂದಿನ ಹೊಲಿಗೆಯೂ ಸಡಿಲವಾಗುತ್ತದೆ. ಈ ಜೋಡುಸೂಜಿ ಹೊಲಿಗೆಯಲ್ಲಿ ಒಂದು ಹೋದರೂ ಉಳಿದವು ನಿಲ್ಲುತ್ತವೆ. ಆಮೇಲೆ ಚರ್ಮವನ್ನು ನೆನೆಸಿ, ಚೂರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗಿಟ್ಟು, ಬೆರಳಿನಿಂದ ಒತ್ತಿ ಆಕಾರ ಕೂರಿಸಿ, ನೆರಳಿನಲ್ಲಿ ಒಣಗಿಸಬೇಕು. ಹೀಗೆ ಮಾಡಿದ ಒರೆಯು ಇನ್ನೊಂದು ಚೂರಿಗೆ ಹೊಂದುವುದಿಲ್ಲ. ಬೇರೆಡೆ ಮಾರಲಾಗದ ಸರಕನ್ನು ಮುಂಗಡವಿಲ್ಲದೆ ತಯಾರಿಸುವುದು ಎಂತಹ ಅಪಾಯವೆಂಬುದನ್ನು ವರ್ತಕರು ಚೆನ್ನಾಗಿ ಬಲ್ಲರು.

ಲೆಕ್ಕ ಹಾಕಿ ನೋಡೋಣ

ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ ಇಟ್ಟುಕೊಂಡವು. ಊರಿಂದೂರಿಗೆ, ಕೈಯಿಂದ ಕೈಗೆ ಇವು ಬದಲಾಗುತ್ತವೆ. ವಾಚಕರು ಗಮನಿಸಬೇಕಾದುದು ಲೆಕ್ಕದ ಕ್ರಮವನ್ನು.

ಸಾಮಗ್ರಿ: ಉಕ್ಕು 200 ರೂ., ಹಿಡಿಯ ಮರ 150 ರೂ., ಹಿತ್ತಾಳೆ ಮತ್ತು ಅಂಟು 100 ರೂ., ಚರ್ಮ 350 ರೂ., ದಾರ, ಮೇಣ, ಗುಂಡಿ 50 ರೂ., ಇದ್ದಿಲು ಮತ್ತು ಎಣ್ಣೆ 200 ರೂ., ಸಾಣೆಯ ಪಟ್ಟಿಗಳು 250 ರೂ., ವಿದ್ಯುತ್ 100 ರೂ. ಒಟ್ಟು 1,400 ರೂ.

ದುಡಿಮೆ: ಕಾಯಿಸಿ ಬಡಿಯಲು 3 ಗಂಟೆ, ಅರ ಮತ್ತು ಸಾಣೆಗೆ 3 ಗಂಟೆ, ಹದಕ್ಕೆ 1 ಗಂಟೆ, ಹದದ ನಂತರದ ಸಾಣೆ ಮತ್ತು ಹೊಳಪಿಗೆ 2 ಗಂಟೆ, ಹಿಡಿಗೆ 3 ಗಂಟೆ, ಒರೆಗೆ 4 ಗಂಟೆ, ಗ್ರಾಹಕರೊಂದಿಗೆ ಮಾತುಕತೆ, ಸಾಮಗ್ರಿ ಖರೀದಿ ಮತ್ತು ಪ್ಯಾಕಿಂಗಿಗೆ 2 ಗಂಟೆ. ಒಟ್ಟು 18 ಗಂಟೆ. ಗಂಟೆಗೆ 100 ರೂಪಾಯಿಯಂತೆ 1,800 ರೂ.

ಪರೋಕ್ಷ ವೆಚ್ಚ: ಕೊಟ್ಟಿಗೆಯ ಬಾಡಿಗೆ, ಉಪಕರಣಗಳ ಸವಕಳಿ, ದೂರವಾಣಿ, ಪ್ರಯಾಣ ಇತ್ಯಾದಿ ಗಂಟೆಗೆ 40 ರೂಪಾಯಿಯಂತೆ 720 ರೂ.

ಕೆಟ್ಟ ಅಲಗಿನ ನಷ್ಟ: ಹತ್ತರಲ್ಲಿ ಒಂದು ಅಲಗು ಹದದಲ್ಲಿ ಹಾಳಾಗುವುದೆಂದೂ, ಆ ಹಂತದವರೆಗೆ ಅದಕ್ಕೆ ಸುಮಾರು 1,500 ರೂ. ಖರ್ಚಾಗಿರುವುದೆಂದೂ ಇಟ್ಟುಕೊಂಡರೆ, ಉಳಿದ ಒಂಬತ್ತರಲ್ಲಿ ಪ್ರತಿಯೊಂದರ ಮೇಲೂ ಬೀಳುವ ಪಾಲು ಸುಮಾರು 170 ರೂ.

ಇವೆಲ್ಲವನ್ನೂ ಕೂಡಿದರೆ ತಯಾರಿಕಾ ವೆಚ್ಚ 4,090 ರೂ. ಇದರ ಮೇಲೆ ಶೇಕಡ 15ರ ಲಾಭವನ್ನು ಸೇರಿಸಿದರೆ ಮಾರಾಟ ಬೆಲೆ ಸುಮಾರು 4,700 ರೂ. ಆಗುತ್ತದೆ.

ಇನ್ನು ರೂಢಿಯ ಲೆಕ್ಕವನ್ನು ನೋಡೋಣ. ಸಾಮಗ್ರಿಗೆ ಎಷ್ಟಾಯಿತೋ ಅದರ ಎರಡರಷ್ಟು ಹೇಳುವುದು ಅನೇಕ ಕಸುಬುದಾರರ ಸೂತ್ರ. 1,400 ರೂಪಾಯಿಯ ಎರಡರಷ್ಟು 2,800 ರೂ. ಅರ್ಧಕ್ಕರ್ಧ ಲಾಭವೆಂಬ ತೃಪ್ತಿಯೂ ಇರುತ್ತದೆ. ಇದರಲ್ಲಿ ಸಾಮಗ್ರಿಯ 1,400, ಪರೋಕ್ಷ ವೆಚ್ಚದ 720, ಕೆಟ್ಟ ಅಲಗಿನ 170 ರೂಪಾಯಿ ಕಳೆದರೆ ಉಳಿಯುವುದು 510 ರೂ. ಹದಿನೆಂಟು ಗಂಟೆಗಳಿಗೆ 510 ರೂಪಾಯಿಯೆಂದರೆ ಗಂಟೆಗೆ 28 ರೂಪಾಯಿ ಚಿಲ್ಲರೆ, ಎಂಟು ಗಂಟೆಯ ದಿನಕ್ಕೆ ಸುಮಾರು 227 ರೂ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ನಿಗದಿಯಾಗಿದ್ದ ದಿನಗೂಲಿ 370 ರೂ. ಇಪ್ಪತ್ತು ವರ್ಷ ಕಲಿತ ಕೈ, ಸ್ವಂತ ಬಂಡವಾಳ, ಸ್ವಂತ ಜವಾಬ್ದಾರಿ ಇವೆಲ್ಲ ಇದ್ದೂ, ಕೆರೆಯ ಹೂಳೆತ್ತುವ ಕೆಲಸಕ್ಕಿಂತ ಕಡಿಮೆ ಪ್ರತಿಫಲ. ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ಗಂಟೆಗಳನ್ನು ಬರೆದಿಡದ ಕಾರಣ ಇದು ಆ ಕುಶಲಕರ್ಮಿಗೇ ತಿಳಿದಿರುವುದಿಲ್ಲ. ವ್ಯಾಪಾರ ನಡೆಯುತ್ತಿದೆ, ಕೈತುಂಬ ಕೆಲಸವಿದೆ, ಆದರೂ ತಿಂಗಳ ಕೊನೆಗೆ ಏಕೆ ಸಾಲದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಗನು ಕುಲುಮೆಯನ್ನು ಬಿಟ್ಟು ಪಟ್ಟಣದ ಗೋದಾಮಿಗೆ ಸೇರಿದರೆ ಅದನ್ನು ಕಲೆಯ ಮೇಲಿನ ಅನಾದರವೆಂದು ಭಾವಿಸಬೇಕಾಗಿಲ್ಲ. ತಂದೆ ಬರೆಯದ ಲೆಕ್ಕವನ್ನು ಮಗ ಮನಸ್ಸಿನಲ್ಲೇ ಹಾಕಿದ್ದಾನೆ.

ಎರಡು ಆಕ್ಷೇಪಣೆಗಳು

ಮೊದಲನೆಯ ಆಕ್ಷೇಪಣೆ, 4,700 ರೂಪಾಯಿ ಹೇಳಿದರೆ ಯಾರೂ ಕೊಳ್ಳುವುದಿಲ್ಲ ಎಂಬುದು. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಕಾರ್ಖಾನೆಯ ಚಾಕು ದೊರೆಯುವಾಗ ಈ ಭಯ ಸಹಜ. ಆದರೆ ಕೆಲವು ನೂರರ ಚಾಕು ಬೇಕಾದವರು 2,800 ರೂಪಾಯಿಯ ಚೂರಿಯನ್ನೂ ಕೊಳ್ಳುವುದಿಲ್ಲ. ಅಲ್ಲಿಯವರೆಗೆ ಬಂದ ಗ್ರಾಹಕರು ಬೆಲೆಯನ್ನು ಹೋಲಿಸಲು ಬಂದವರಲ್ಲ. ತಮ್ಮ ಕೈಗೆ, ತಮ್ಮ ಕೆಲಸಕ್ಕೆ ತಕ್ಕ ವಸ್ತುವನ್ನು ಹುಡುಕಿಕೊಂಡು ಬಂದವರು. ಅವರಲ್ಲಿ ಕೆಲವರು ಸರಿಯಾದ ಬೆಲೆ ಕೇಳಿ ಹಿಂದಿರುಗಬಹುದು. ನಮ್ಮ ಲೆಕ್ಕದಂತೆ, 2,800 ರೂಪಾಯಿಗೆ ಹತ್ತು ಚೂರಿ ಮಾರಿದರೆ ದುಡಿಮೆಗೂ ಲಾಭಕ್ಕೂ ಸೇರಿ ಕೈಗೆ ಉಳಿಯುವುದು 5,100 ರೂ. ಅದೇ 4,700 ರೂಪಾಯಿಗೆ ಮೂರೇ ಚೂರಿ ಮಾರಿದರೂ ಉಳಿಯುವುದು 7,230 ರೂ. ಪರೋಕ್ಷ ವೆಚ್ಚದ ಕೆಲವಂಶ ಕೆಲಸ ಕಡಿಮೆಯಾದಾಗಲೂ ತಪ್ಪದೆಂಬುದು ನಿಜ. ಆದರೆ ಉಳಿದ ನೂರಿಪ್ಪತ್ತಕ್ಕೂ ಹೆಚ್ಚು ಗಂಟೆಗಳಲ್ಲಿ ಕುಡುಗೋಲು, ಕತ್ತಿಗಳ ನಿತ್ಯದ ಕೆಲಸ ಮಾಡಲು ಅವಕಾಶವಿದೆ. ನಿತ್ಯದ ಸರಕು ಒಂದು ಸಾಲು, ಹೇಳಿ ಮಾಡಿಸಿದ ಸರಕು ಇನ್ನೊಂದು ಸಾಲು ಎಂದು ವಿಂಗಡಿಸಿ, ಎರಡರ ಲೆಕ್ಕವನ್ನೂ ಬೇರೆ ಬೇರೆ ಇಡುವುದೇ ಸರಿಯಾದ ಕ್ರಮ.

ಎರಡನೆಯ ಆಕ್ಷೇಪಣೆ, ಇಂತಹ ಕಸುಬುಗಳನ್ನು ಉಳಿಸುವುದು ಸರ್ಕಾರದ ಹೊಣೆ ಎಂಬುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರರು, ಆಯುಧ ತಯಾರಕರು, ಚರ್ಮದ ಕೆಲಸದ ಚಮ್ಮಾರರು ಮೂವರೂ ಇದ್ದಾರೆ. ಉಪಕರಣಗಳಿಗೆ 15,000 ರೂಪಾಯಿಯವರೆಗೆ ಪ್ರೋತ್ಸಾಹಧನ, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿ ಸಾಲ. ಯೋಜನೆ ಸ್ವಾಗತಾರ್ಹವೇ. ಆದರೆ ಒಂದು ಲಕ್ಷ ರೂಪಾಯಿಯನ್ನು 18 ತಿಂಗಳಲ್ಲಿ ತೀರಿಸಬೇಕಾದರೆ ಅಸಲಿನ ಕಂತೇ ತಿಂಗಳಿಗೆ 5,555 ರೂಪಾಯಿಗೂ ಹೆಚ್ಚು. ತಿಂಗಳಿಗೆ ಹತ್ತು ಚೂರಿಗಳನ್ನು ರೂಢಿಯ ಬೆಲೆಗೆ ಮಾರುವವರಿಗೆ ಉಳಿಯುವುದು 5,100 ರೂ. ಎಂಬುದನ್ನು ಈಗ ತಾನೇ ಕಂಡೆವು. ಮನೆಯ ಖರ್ಚಿಗೆ ಒಂದು ಪೈಸೆಯನ್ನೂ ತೆಗೆಯದಿದ್ದರೂ ಕಂತು ತೀರದು. ಬೆಲೆ ತಪ್ಪಿದ ಸರಕಿಗೆ ಅಗ್ಗದ ಸಾಲವು ನಷ್ಟವನ್ನು ಹಿಗ್ಗಿಸುತ್ತದೆಯೇ ಹೊರತು ತುಂಬಿಕೊಡುವುದಿಲ್ಲ. ಸರಿಯಾದ ಬೆಲೆಯಿದ್ದಲ್ಲಿ ಮಾತ್ರ ಅದೇ ಸಾಲ ವರದಾನವಾಗುತ್ತದೆ.

ಹೆಸರಿಗೂ ಪರೀಕ್ಷೆಗೂ ಬೆಲೆಯಿದೆ

ಹೆಚ್ಚಿನ ಬೆಲೆಯನ್ನು ಕೇಳುವವರು ಅದಕ್ಕೆ ಆಧಾರವನ್ನೂ ಕೊಡಬೇಕಾಗುತ್ತದೆ. ಚೂರಿ ತಯಾರಿಕೆಯಲ್ಲಿ ಹೆಸರಾದ ಹೊರನಾಡುಗಳ ಎರಡು ಉದಾಹರಣೆಗಳು ಈ ದೃಷ್ಟಿಯಿಂದ ಗಮನಾರ್ಹ.

ಜರ್ಮನಿಯ ಜೋಲಿಂಗನ್ ನಗರದ ಹೆಸರನ್ನು 1938ರಲ್ಲಿಯೇ ಕಾನೂನಿನ ಮೂಲಕ ರಕ್ಷಿಸಲಾಯಿತು. ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಪ್ರದೇಶದಲ್ಲಿಯೇ ನಡೆದ ಚೂರಿ, ಕತ್ತರಿಗಳ ಮೇಲೆ ಮಾತ್ರ ಆ ಹೆಸರನ್ನು ಒತ್ತಬಹುದು. ಡಮಾಸ್ಕಸ್ ಹೆಸರಿಗೆ ನಾವು ಕಳೆದುಕೊಂಡುದನ್ನು ಅವರು ಕಾನೂನಿನಿಂದ ಉಳಿಸಿಕೊಂಡರು. ನಮ್ಮ ದೇಶದಲ್ಲಿಯೂ ಭೌಗೋಳಿಕ ಸೂಚಕಗಳ ಕಾಯ್ದೆಯು 2003ರಿಂದ ಜಾರಿಯಲ್ಲಿದೆ. ಮೀರತ್ತಿನ ಕತ್ತರಿ, ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಕೆಲಸ ಇವು ಅದರಡಿ ನೋಂದಾಯಿತವಾಗಿವೆ. ಚರ್ಮದ ಕ್ಷೇತ್ರದಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಮಹಾರಾಷ್ಟ್ರ ಮತ್ತು ಕರ್ನಾಟಕಗಳಿಗೆ ಜಂಟಿಯಾಗಿ ಈ ಮಾನ್ಯತೆ ದೊರೆತಿದೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಅದನ್ನು ಹೋಲುವ ಪಾದರಕ್ಷೆಗಳನ್ನು ಮಿಲಾನಿನಲ್ಲಿ ಪ್ರದರ್ಶಿಸಿದಾಗ ಎದ್ದ ಪ್ರಶ್ನೆಗೆ ತೂಕ ಬಂದುದು ಈ ನೋಂದಣಿ ಇದ್ದುದರಿಂದಲೂ ಹೌದು.

ಅಮೆರಿಕದಲ್ಲಿ 1976ರಲ್ಲಿ ಸ್ಥಾಪಿತವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯು ಇನ್ನೊಂದು ಮಾರ್ಗವನ್ನು ಹಿಡಿಯಿತು. ಅದರ ಮಾನ್ಯತೆ ಬಯಸುವ ಕಮ್ಮಾರರು ತಾವೇ ಮಾಡಿದ ಚೂರಿಯನ್ನು ಪರೀಕ್ಷೆಗೆ ಒಡ್ಡಬೇಕು. ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ತುಂಡನ್ನು ಎರಡು ಬಾರಿ ಕಡಿದು ತುಂಡರಿಸಬೇಕು. ಅದಾದ ಮೇಲೂ ಅದೇ ಅಂಚು ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು. ಕೊನೆಗೆ ಅಲಗನ್ನು ಇಕ್ಕಳದಲ್ಲಿ ಸಿಕ್ಕಿಸಿ 90 ಡಿಗ್ರಿಯಷ್ಟು ಬಾಗಿಸಿದರೂ ಅದು ಮುರಿಯಬಾರದು. ಪರೀಕ್ಷೆಯಲ್ಲಿ ಚೂರಿ ಹಾಳಾಗುತ್ತದೆ, ಆದರೆ ಅದನ್ನು ಮಾಡಿದವರ ಹೆಸರು ನಿಲ್ಲುತ್ತದೆ. ಕೊಳ್ಳುವವರು ಉಕ್ಕಿನ ತೂಕವನ್ನು ಬಿಟ್ಟು ಕೈಯ ಹದಕ್ಕೆ ಬೆಲೆ ಕೊಡುವುದು ಇಂತಹ ಆಧಾರದ ಮೇಲೆ.

ಕಾನೂನಿನ ಕೆಲವು ಗೆರೆಗಳು

ಈ ಕಸುಬಿನವರೂ ಅವರಿಂದ ಕೊಳ್ಳುವ ವರ್ತಕರೂ ಅರಿತಿರಬೇಕಾದ ಕೆಲವು ಸಂಗತಿಗಳಿವೆ.

ಜಿ.ಎಸ್.ಟಿ. ಜಾರಿಯಾದ 2017ರಿಂದ ಕುಡುಗೋಲು, ಕೊಡಲಿ, ಕೃಷಿ ಕತ್ತಿಯಂತಹ ಕೈ ಉಪಕರಣಗಳು 8201ನೇ ಶೀರ್ಷಿಕೆಯಡಿ ತೆರಿಗೆಮುಕ್ತವಾಗಿವೆ. ಆದರೆ 8211ನೇ ಶೀರ್ಷಿಕೆಯ ಚೂರಿಗಳ ಮೇಲಿನ ತೆರಿಗೆಯನ್ನು 2022ರ ಜುಲೈ 18ರಿಂದ ಶೇಕಡ 12ರಿಂದ 18ಕ್ಕೆ ಏರಿಸಲಾಯಿತು. ಒಂದೇ ಕುಲುಮೆಯಿಂದ, ಒಂದೇ ಉಕ್ಕಿನಿಂದ ಬಂದ ಎರಡು ಸರಕುಗಳಿಗೆ ಎರಡು ದರ. ಆದ್ದರಿಂದ ಬಿಲ್ಲಿನಲ್ಲಿ ಸರಕಿನ ವಿವರಣೆ ಸ್ಪಷ್ಟವಾಗಿರತಕ್ಕದ್ದು. ಚೂರಿಯ ಆಕಾರಕ್ಕೇ ಹೊಲಿದು, ಚೂರಿಯ ಜೊತೆಗೇ ಮಾರುವ ಒರೆಯನ್ನು ವರ್ಗೀಕರಣದ ಸಾಮಾನ್ಯ ನಿಯಮದಂತೆ ಚೂರಿಯ ಜೊತೆಗೇ ಪರಿಗಣಿಸುವುದು ಕ್ರಮ. ಒರೆಯನ್ನೇ ಪ್ರತ್ಯೇಕವಾಗಿ ಮಾರಿದರೆ ಅದು ಚರ್ಮದ ವಸ್ತುವಾಗುತ್ತದೆ. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲವಾದರೂ, ಹೊರರಾಜ್ಯಕ್ಕೆ ಕಳುಹಿಸುವವರಿಗೆ ನಿಯಮಗಳು ಬೇರೆ. ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಆಯುಧ ಕಾಯ್ದೆಯನ್ನೂ ಮರೆಯಬಾರದು. ಗೃಹ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉಪಯೋಗಕ್ಕೆಂದು ರೂಪಿಸಿದವನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿಗಳು 2016ರ ಆಯುಧ ನಿಯಮಗಳ ಅನುಸೂಚಿಯಲ್ಲಿ ಆಯುಧಗಳ ಸಾಲಿಗೆ ಸೇರಿವೆ. ಚೂರಿಯ ಅಳತೆಯನ್ನೂ ಉದ್ದೇಶವನ್ನೂ ಬರೆದ ಬೇಡಿಕೆಪತ್ರವು ಇಲ್ಲಿ ಮಾಡುವವರಿಗೂ ಕೊಳ್ಳುವವರಿಗೂ ರಕ್ಷಣೆ. ಹಾಗೆಯೇ ಜಿಂಕೆ, ಕಡವೆಯ ಕೊಂಬಿನ ಹಿಡಿ ಬೇಕೆನ್ನುವವರಿಗೆ ಇಲ್ಲವೆಂದೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಬೀಟೆಯಂತಹ ಮರವನ್ನು ಬಿಲ್ ಸಹಿತವಾಗಿಯೇ ಕೊಳ್ಳಬೇಕು.

ವರ್ತಕರ ಪಾಲು

ಇಷ್ಟು ಹೊತ್ತು ಕುಶಲಕರ್ಮಿಯ ಲೆಕ್ಕವನ್ನು ತಿದ್ದಿದ್ದಾಯಿತು. ಇನ್ನು ನಮ್ಮ ಕಡೆಯ ಪುಟವನ್ನು ತೆರೆಯೋಣ. ಉಡುಗೊರೆ ಅಂಗಡಿಗೆ, ಪ್ರವಾಸಿ ಕೇಂದ್ರದ ಮಳಿಗೆಗೆ, ಕಂಪನಿಗಳ ಉಡುಗೊರೆ ಬೇಡಿಕೆಗೆ ಇಂತಹ ಸರಕನ್ನು ಕೊಳ್ಳುವ ವರ್ತಕರು ಬಾಯಿಮಾತಿನಲ್ಲಿ ಬೇಡಿಕೆ ಕೊಟ್ಟು, ಮಾರಾಟವಾದ ಮೇಲೆ ಹಣ ಕೊಡುವುದಾಗಿ ಹೇಳುವ ಪರಿಪಾಠವಿದೆ. ಆಗ ವರ್ತಕರ ದಾಸ್ತಾನಿಗೆ ಬಂಡವಾಳ ಹೂಡುವವರು ಆ ಬಡ ಕುಶಲಕರ್ಮಿಯೇ.

ಇದು ನ್ಯಾಯದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತಗಲುತ್ತದೆ. ಇದಲ್ಲದೆ, 2023ರ ಹಣಕಾಸು ಕಾಯ್ದೆಯು ತಂದ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ಕಳೆಯಬಹುದು. ಉದ್ಯಮ್ ನೋಂದಣಿ ಪಡೆದ ಕುಲುಮೆಯೂ ಈ ರಕ್ಷಣೆಯೊಳಗೆ ಬರುತ್ತದೆ. ವರ್ಷಾಂತ್ಯದಲ್ಲಿ ತೆರಿಗೆಯ ಹೊರೆ ಹೆಚ್ಚಿದಾಗ ಲೆಕ್ಕಪರಿಶೋಧಕರ ಮೇಲೆ ಸಿಟ್ಟಾಗುವುದಕ್ಕಿಂತ ಸಕಾಲದಲ್ಲಿ ಹಣ ಕೊಡುವುದು ಮೇಲು.

ಸಣ್ಣ ಉತ್ಪಾದಕ ಬಂಧುಗಳಿಗೂ ಒಂದು ಮಾತು. ಯಂತ್ರಕ್ಕೆ ಹೊಸ ಬಿಡಿಭಾಗವನ್ನು ಕೂರಿಸಲು ಹಿಡಿದ ಅರ್ಧ ದಿನ, ಗ್ರಾಹಕರು ಮೂರು ಬಾರಿ ಬದಲಿಸಿದ ನಕ್ಷೆ, ಮಾದರಿಗೆಂದು ಮಾಡಿಕೊಟ್ಟ ನಾಲ್ಕು ತುಂಡು, ತಪಾಸಣೆಯಲ್ಲಿ ತಿರಸ್ಕೃತವಾದ ಹತ್ತು ತುಂಡು ಇವೆಲ್ಲ ನಿಮ್ಮ ದರಪಟ್ಟಿಯಲ್ಲಿ ಯಾವ ಸಾಲಿನಲ್ಲಿವೆ? ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡಂತೆ, ಲೇತ್ ಯಂತ್ರವಿರುವ ಕಾರ್ಯಾಗಾರದಲ್ಲೂ ತಿದಿ ಒತ್ತುವ ಕುಲುಮೆಯಲ್ಲೂ ಕಾಣೆಯಾಗುವ ಸಾಲು ಒಂದೇ. ಸಾಮಗ್ರಿಗೆ ರಸೀತಿ ಇರುತ್ತದೆ, ಆದ್ದರಿಂದ ಅದು ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಯಾರೂ ರಸೀತಿ ಕೊಡುವುದಿಲ್ಲ.

ನಮ್ಮ ಸಂಸ್ಥೆ ಮಾಡಬಹುದಾದುದು

ಮೇಲಿನ ವಿಚಾರಗಳನ್ನು ಕಾರ್ಯರೂಪಕ್ಕೆ ತರಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಕಾರ್ಯಕಾರಿ ಸಮಿತಿಯ ಪರಿಶೀಲನೆಗಾಗಿ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಪ್ರತಿ ಬೇಡಿಕೆಗೂ ಒಂದು ಹಾಳೆಯ ಕೆಲಸಪತ್ರವನ್ನು ಕನ್ನಡದಲ್ಲಿ ಮುದ್ರಿಸಿ ಹಂಚಬೇಕು. ಒಂದು ಬದಿಯಲ್ಲಿ ಅಲಗಿನ ಅಳತೆ, ಉಕ್ಕು, ಹಿಡಿಯ ಮರ, ಒರೆ ಎಡಕ್ಕೋ ಬಲಕ್ಕೋ, ಬೆಲ್ಟಿನ ಅಗಲ, ಉದ್ದೇಶ, ಮುಂಗಡ, ಕೊಡುವ ದಿನಾಂಕ ಮತ್ತು ಗ್ರಾಹಕರ ಸಹಿ. ಇನ್ನೊಂದು ಬದಿಯಲ್ಲಿ ಹಂತವಾರು ಗಂಟೆಗಳು ಮತ್ತು ಸಾಮಗ್ರಿ. ಬಿಲ್ಲಿನಲ್ಲಿ ಸಾಮಗ್ರಿ, ಮಜೂರಿ, ಒರೆ ಎಂದು ಮೂರು ಸಾಲುಗಳಿರಬೇಕು. ಕನಿಷ್ಠ ಅರ್ಧದಷ್ಟು ಮುಂಗಡ ಪಡೆಯುವುದು ರೂಢಿಯಾಗಬೇಕು.

ಎರಡನೆಯದಾಗಿ, ಸದಸ್ಯರ ಕಾರ್ಖಾನೆಗಳಲ್ಲಿರುವ ರಾಕ್‌ವೆಲ್ ಗಡಸುತನ ಪರೀಕ್ಷಾ ಯಂತ್ರವನ್ನು ತಿಂಗಳಿಗೊಂದು ದಿನ ಕುಶಲಕರ್ಮಿಗಳಿಗೆ ತೆರೆಯಬೇಕು. ಅಲಗಿನ ಗಡಸುತನವನ್ನು ಬರೆದ ಚಿಕ್ಕ ಚೀಟಿಯೊಂದು ಬಿಲ್ಲಿನ ಜೊತೆಗಿದ್ದರೆ ಮಜೂರಿಯ ಸಾಲಿಗೆ ಅದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ. ಉಕ್ಕಿನ ವರ್ತಕರು ಪರೀಕ್ಷಾ ಪ್ರಮಾಣಪತ್ರವಿರುವ ಉಕ್ಕನ್ನು ಚಿಲ್ಲರೆ ಪ್ರಮಾಣದಲ್ಲಿ ಕೊಡಲು ಒಪ್ಪಿದರೆ ಹಳೆಯ ಪ್ಲೇಟಿನ ಅಪಾಯವೂ ತಗ್ಗುತ್ತದೆ.

ಮೂರನೆಯದಾಗಿ, ಪ್ರತಿಯೊಬ್ಬ ಕುಶಲಕರ್ಮಿಯೂ ಅಲಗಿನ ಬುಡದಲ್ಲಿ ತನ್ನ ಮುದ್ರೆಯನ್ನು ಒತ್ತುವಂತೆ ಪ್ರೋತ್ಸಾಹಿಸಬೇಕು, ಬೆಳೆದವರಿಗೆ ವ್ಯಾಪಾರ ಚಿಹ್ನೆಯ ನೋಂದಣಿಗೆ ನೆರವಾಗಬೇಕು. ಮುದ್ರೆಯಿಲ್ಲದ ಚೂರಿಯನ್ನು ಕೊಂಡ ಗ್ರಾಹಕರಿಗೆ ಮತ್ತೆ ಬರುವ ಮನಸ್ಸಿದ್ದರೂ ದಾರಿ ತಿಳಿಯದು.

ನಾಲ್ಕನೆಯದಾಗಿ, ವರ್ಷಕ್ಕೆರಡು ಬಾರಿ ಅರ್ಧ ದಿನದ ವೆಚ್ಚ ಲೆಕ್ಕದ ತರಗತಿಯನ್ನು ನಡೆಸಬೇಕು. ನಮ್ಮ ಊರಿನ ಲೆಕ್ಕಪರಿಶೋಧಕರು ಸಂಭಾವನೆಯಿಲ್ಲದೆ ಈ ಕೆಲಸ ಮಾಡಲು ಮುಂದೆ ಬರುವರೆಂಬ ಭರವಸೆ ನನಗಿದೆ. ಮೊದಲನೆಯ ತರಗತಿಯನ್ನು ನಾನೇ ತೆಗೆದುಕೊಳ್ಳಲು ಸಿದ್ಧನಿದ್ದೇನೆ. ಅದರಲ್ಲಿ ಕಮ್ಮಾರರ ಪಕ್ಕದಲ್ಲಿ ನಮ್ಮ ಸಣ್ಣ ಉತ್ಪಾದಕ ಸದಸ್ಯರೂ ಕುಳಿತರೆ ಇಬ್ಬರಿಗೂ ಪ್ರಯೋಜನವಾದೀತು.

ಕೈಕಸುಬಿನ ವಸ್ತುವನ್ನು ಕಂಡು ಮೆಚ್ಚುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸನ್ಮಾನದ ಶಾಲು ಹೊದಿಸಿ ಕಳುಹಿಸುವುದೂ ನಡೆದೇ ಇದೆ. ಆದರೆ ಮೆಚ್ಚುಗೆಯಿಂದ ಇದ್ದಿಲು ಬರುವುದಿಲ್ಲ, ಶಾಲಿನಿಂದ ಮಗನ ಕಾಲೇಜಿನ ಶುಲ್ಕ ತೀರುವುದಿಲ್ಲ. ಕುಶಲಕರ್ಮಿಗೆ ನಾವು ಸಲ್ಲಿಸಬೇಕಾದ ಗೌರವ ವ್ಯಾಪಾರಿಗಳು ಪರಸ್ಪರ ಸಲ್ಲಿಸುವ ಗೌರವವೇ ಆಗಿರಬೇಕು: ಲಿಖಿತ ಬೇಡಿಕೆ, ಮುಂಗಡ, ಸರಿಯಾದ ಬೆಲೆ, ಸಕಾಲದ ಪಾವತಿ. ಸದಸ್ಯರು ಮುಂದಿನ ಬಾರಿ ಇಂತಹ ಸರಕನ್ನು ಕೊಳ್ಳುವಾಗ, ಕಬ್ಬಿಣಕ್ಕೆಷ್ಟು ಎಂದು ಕೇಳುವ ಬದಲು ಮಜೂರಿ ಎಷ್ಟು ಎಂದು ಕೇಳಲಿ. ಕೇಳುವವರಿದ್ದರೆ ಬರೆಯುವವರೂ ಬರೆಯಲು ಕಲಿಯುತ್ತಾರೆ.